ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಛೇರಿಗಳು: ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿದ ನಾಲ್ಕು ದಿನ

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು ನಡೆಸುವ ರಾಮನವಮಿ ಸಂಗೀತೋತ್ಸವಕ್ಕೆ 2024ರಿಂದ ಪ್ರತಿ ಬೇಸಿಗೆ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನಮ್ಮದು ಶಿವಮೊಗ್ಗ. ಅಮ್ಮನಿಗೆ 73 ವರ್ಷ, ಎರಡೂ ಮಂಡಿ ನೋವು. ನನಗೆ ಬ್ಯಾಂಕಿನ ಕೆಲಸ, ಮಾರ್ಚ್ ಲೆಕ್ಕ ಮುಗಿದ ಮೇಲೆ ನಾಲ್ಕು ದಿನ ಒಟ್ಟಿಗೆ ರಜೆ ಸಿಗುತ್ತದೆ. "ವಯಸ್ಸಾದವರನ್ನು ಕಟ್ಟಿಕೊಂಡು ಆ ಬಿಸಿಲಲ್ಲಿ ಹೇಗೆ ಮಾಡ್ತೀರಿ" ಎಂದು ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳುತ್ತಿದ್ದುದನ್ನು ಈಗ ಬರೆದಿಡುತ್ತಿದ್ದೇನೆ.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಏಪ್ರಿಲ್ ಕೊನೆಯ ವಾರ ಹೋಗಿದ್ದೆವು, ಬೆಂಗಳೂರಿನ ಬಿಸಿಲು ಆಗ 38 ಡಿಗ್ರಿ ದಾಟಿತ್ತು. ಇಷ್ಟು ದೂರ ಬಂದಿದ್ದೇವೆ, ಎಲ್ಲ ನೋಡಿಬಿಡೋಣ ಎಂದು ಬೆಳಿಗ್ಗೆ ಲಾಲ್‌ಬಾಗ್, ಆಮೇಲೆ ಕಬ್ಬನ್ ಪಾರ್ಕ್, ವಿಧಾನಸೌಧದ ಮುಂದೆ ಫೋಟೋ, ಮಧ್ಯಾಹ್ನ ಅಂಗಡಿ ಬೀದಿ, ಅಲ್ಲಿಂದ ನೇರ ಕಛೇರಿಗೆ. ಅವತ್ತು ಹಾಡಲಿದ್ದ ಗಾಯಕಿಯನ್ನು ಅಮ್ಮ ಎದುರಿಗೆ ಕೂತು ಕೇಳಬೇಕೆಂದು ಎಷ್ಟು ವರ್ಷದಿಂದ ಆಸೆಪಟ್ಟಿದ್ದಳೋ. ಭದ್ರಾವತಿ ಆಕಾಶವಾಣಿಯಲ್ಲಿ ಅವರ ಹಾಡು ಬಂದರೆ ಒಲೆ ಸಣ್ಣ ಮಾಡಿ ರೇಡಿಯೋ ಪಕ್ಕ ನಿಲ್ಲುತ್ತಿದ್ದವಳು. ಅವತ್ತು ಕಛೇರಿಯ ಶುರುವಿಗೆ ಹಾಡುವ ವರ್ಣ ಮುಗಿಯುವಷ್ಟರಲ್ಲಿ ಕಣ್ಣು ಎಳೆಯಲು ಶುರುವಾಯಿತು. ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ಎಚ್ಚರವಾದಾಗ ಮಂಗಳ ಹಾಡುತ್ತಿದ್ದರು.

"ಮೇನ್ ಯಾವ ರಾಗ ತಗೊಂಡ್ರೇ?" ಅಮ್ಮ ಕೇಳಿದಳು. ಮೇನ್ ಎಂದರೆ ಕಛೇರಿಯ ಮುಖ್ಯ ಹಾಡು.

"ಖರಹರಪ್ರಿಯ."

ಅಮ್ಮ ರೂಮಿಗೆ ಬರುವವರೆಗೂ ಒಂದು ಮಾತೂ ಆಡಲಿಲ್ಲ. ಖರಹರಪ್ರಿಯ ಅವಳ ರಾಗ. ಅದು ನನಗೆ ಗೊತ್ತಿತ್ತು, ಆದರೂ ಎಬ್ಬಿಸಲಿಲ್ಲ. ಅಷ್ಟು ಸುಸ್ತಾಗಿದ್ದಾಳಲ್ಲ ಎಂದು ಸುಮ್ಮನಿದ್ದೆ.

ಮಾರನೆಯ ವರ್ಷದಿಂದ ನಾನು ದಿನವನ್ನು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಕಛೇರಿ ಸಂಜೆ ಆರೂವರೆಯ ಹೊತ್ತಿಗೆ ಎಂದರೆ ಐದೂಮುಕ್ಕಾಲಿಗೆ ಮೈದಾನದಲ್ಲಿರಬೇಕು. ಹಾಗಾದರೆ ನಾಲ್ಕೂವರೆಗೆ ಎದ್ದು ಕಾಫಿ, ಒಂದರಿಂದ ನಾಲ್ಕೂವರೆಯವರೆಗೆ ನಿದ್ದೆ. ಊರು ನೋಡಲು ಉಳಿಯುವುದು ಬೆಳಗಿನ ಹೊತ್ತು ಮಾತ್ರ, ದಿನಕ್ಕೆ ಒಂದೇ ಜಾಗ. ಕಿವಿಯಲ್ಲಿ, ಮೈಯಲ್ಲಿ ಶಕ್ತಿ ಉಳಿಸಿಕೊಂಡು ಚಪ್ಪರದೊಳಗೆ ಹೋಗಿ ಕೂರಬೇಕು. ಮಿಕ್ಕಿದ್ದೆಲ್ಲ ಅದಕ್ಕೆ ತಕ್ಕ ಹಾಗೆ.

ಉತ್ಸವದ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಎಂಬ ಹುಡುಗ ಚಾಮರಾಜಪೇಟೆಯಲ್ಲಿ ರಾಮನವಮಿಗೆಂದು ಶುರು ಮಾಡಿದ್ದು ಇದು. ಆಗ ಅವರಿಗೆ ಇನ್ನೂ ಮೀಸೆ ಮೂಡುವ ವಯಸ್ಸು. ಪಾನಕ ಕೋಸಂಬರಿ ಹಂಚಿ ಭಜನೆ ಮಾಡಿ ಮುಗಿಸುವ ಹಬ್ಬ ಒಂದು ತಿಂಗಳ ಸಂಗೀತವಾಗಿ ಬೆಳೆಯಿತು. ಚೆಂಬೈ, ಸೆಮ್ಮಂಗುಡಿ, ಎಂ.ಎಸ್. ಸುಬ್ಬುಲಕ್ಷ್ಮಿ ಎಲ್ಲರೂ ಇಲ್ಲಿ ಹಾಡಿದವರೇ. ಕರ್ನಾಟಕ ಸಂಗೀತದ ನಡುವೆ ಹಿಂದೂಸ್ತಾನಿಯವರಿಗೂ ಕೆಲವು ಸಂಜೆ ಇರುತ್ತದೆ. ಗಟ್ಟಿ ಗೋಡೆಯ ಸಭಾಂಗಣ ಇದಲ್ಲ, ಶಾಲೆಯ ಮೈದಾನದಲ್ಲಿ ಹಾಕಿದ ದೊಡ್ಡ ಚಪ್ಪರ. ಹತ್ತಿರದಲ್ಲೇ ಸಿಟಿ ಮಾರ್ಕೆಟ್ಟು. ಮೊದಲ ಸಲ ಒಳಗೆ ಹೋದಾಗ ಹಾರನ್ನಿನ ಸದ್ದು ಕೇಳಿ ನನಗೆ ಗಾಬರಿಯಾಗಿತ್ತು, ಇಲ್ಲಿ ತಂಬೂರಿ ಹೇಗೆ ಕೇಳೀತು ಎಂದು. ಕೇಳುತ್ತದೆ. ಹತ್ತು ನಿಮಿಷ ಕೂತರೆ ಕಿವಿ ತಾನೇ ಆರಿಸಿಕೊಳ್ಳುತ್ತದೆ. ಬಸ್ಸಿನ ಸದ್ದು ದೂರ ಸರಿದು, ಪಕ್ಕದ ಕುರ್ಚಿಯ ಅಜ್ಜ ತೊಡೆಯ ಮೇಲೆ ಹಾಕುವ ತಾಳ ಹತ್ತಿರ ಬರುತ್ತದೆ.

ಇಲ್ಲಿಗೆ ಬರುವ ಜನವೇ ನನಗೆ ಅರ್ಧ ಖುಷಿ. ಬಸವನಗುಡಿಯ ಹಳಬರು ನೀರಿನ ಬಾಟಲಿ, ಬೀಸಣಿಗೆ, ಸಣ್ಣ ದಿಂಬು ಹಿಡಿದು ಬರುತ್ತಾರೆ. ಸಂಗೀತ ಕಲಿಯುವ ಹುಡುಗಿಯರು ನೋಟ್‌ಬುಕ್ಕಿನಲ್ಲಿ ರಾಗದ ಹೆಸರು ಬರೆದುಕೊಳ್ಳುತ್ತಾರೆ. ಮಾರ್ಕೆಟ್ಟಿನ ಕಡೆಯಿಂದ ಚೀಲ ಹಿಡಿದೇ ಬಂದು ಹಿಂದೆ ನಿಂತು ಒಂದು ಕೀರ್ತನೆ ಕೇಳಿ ಹೋಗುವವರೂ ಇದ್ದಾರೆ. ಗೊತ್ತಿಲ್ಲದ ರಾಗ ಬಂದರೆ ಪಕ್ಕದವರನ್ನು ಕೇಳಲು ಯಾರೂ ಸಂಕೋಚಪಡುವುದಿಲ್ಲ. "ಅದು ವರಾಳಿ ಅಲ್ವೇನಮ್ಮ?" ಎಂದು ಅಮ್ಮನನ್ನೇ ಒಬ್ಬರು ಕೇಳಿದಾಗ ಅವಳ ಮುಖ ನೋಡಬೇಕಿತ್ತು.

ಹೋದ ಸಲದ ಒಂದು ಸಂಜೆಯನ್ನು ಮಾತ್ರ ಪೂರ್ತಿ ಹೇಳಬೇಕು. ಐದು ಗಂಟೆಗೇ ಮೋಡ ಕವಿದು ಸೆಖೆ ಹೆಚ್ಚಾಗಿತ್ತು. ನಾವು ವೇದಿಕೆಯ ಬಲಗಡೆ, ಮೃದಂಗದವರು ಸರಿಯಾಗಿ ಕಾಣುವ ಜಾಗದಲ್ಲಿ ಕೂತಿದ್ದೆವು. ಅವರು ಪುಟ್ಟ ಡಬ್ಬಿಯಿಂದ ರವೆ ತೆಗೆದು ನೀರು ಹಾಕಿ ಕಲಸಿ ಮೃದಂಗದ ಎಡಗಡೆಗೆ ಅಂಟಿಸಿದರು, ಹೆಬ್ಬೆರಳಿನಿಂದ ಒತ್ತಿ ಒತ್ತಿ ರೊಟ್ಟಿಯ ಹಾಗೆ ಹರಡಿದರು. ಆಮೇಲೆ ಬಲಗಡೆ ಶ್ರುತಿ. ಒಂದು ಮರದ ತುಂಡು, ಒಂದು ಕಲ್ಲು. ಚರ್ಮದ ಅಂಚಿಗೆ ಮೇಲಿನಿಂದ ಪೆಟ್ಟು ಕೊಟ್ಟರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಕೊಟ್ಟರೆ ಇಳಿಯುತ್ತದೆ. ಒಣ ಬಿಸಿಲಿಗೆ ಚರ್ಮ ಬಿಗಿಯುತ್ತದೆ, ಮಳೆಯ ತೇವಕ್ಕೆ ಸಡಿಲವಾಗುತ್ತದೆ. ಅವತ್ತು ಒಂದೇ ಕಛೇರಿಯಲ್ಲಿ ಎರಡೂ ಆಯಿತು. ಶುರುವಿನಲ್ಲಿ ಕೆಳಗಿನಿಂದ ತಟ್ಟಿ ಇಳಿಸಿಕೊಂಡ ಶ್ರುತಿಯನ್ನು, ಮೂರನೆಯ ಕೀರ್ತನೆ ಹೊತ್ತಿಗೆ ತಣ್ಣನೆ ಗಾಳಿ ಬೀಸಿದ ಮೇಲೆ ಮೇಲಿನಿಂದ ತಟ್ಟಿ ತಟ್ಟಿ ಏರಿಸಿಕೊಂಡರು. ಪಿಟೀಲಿನವರೂ ಎರಡು ಸಲ ಬಿರಡೆ ತಿರುವಿದರು.

ಗಾಯಕಿ ಕಾಂಬೋಜಿ ಎತ್ತಿಕೊಂಡರು. ಆಲಾಪನೆ ಇನ್ನೂ ಮಧ್ಯದಲ್ಲಿದೆ, ಮಳೆ ಬಂತು. ಚಪ್ಪರದ ಮೇಲೆ ಬಿದ್ದ ಮಳೆ ಎಂಥ ಸದ್ದು ಮಾಡುತ್ತದೆ ಎಂದರೆ ಮಲೆನಾಡಿನವರಾದ ನಮಗೆ ಮನೆಯ ಹೆಂಚಿನ ನೆನಪಾಯಿತು. ಅಂಚಿನ ಸಾಲಿನವರು ಸದ್ದಿಲ್ಲದೆ ಕುರ್ಚಿ ಒಳಗೆ ಎಳೆದುಕೊಂಡರು, ಒಬ್ಬರೂ ಎದ್ದು ಹೋಗಲಿಲ್ಲ. ಗಾಯಕಿ ಮಳೆಯ ಮೇಲೆ ಗಂಟಲು ಏರಿಸಲಿಲ್ಲ. ಮಂದ್ರಕ್ಕೆ ಇಳಿದು, ಒಂದು ಸ್ವರ ಹಿಡಿದು, ಕಣ್ಣು ಮುಚ್ಚಿ ಕೂತರು. ತಂಬೂರಿ ಮಾತ್ರ ನಡೆಯುತ್ತಿತ್ತು. ನಾಲ್ಕೈದು ನಿಮಿಷ ಇರಬಹುದು. ಮಳೆ ಸ್ವಲ್ಪ ಸಣ್ಣಗಾದ ಕೂಡಲೇ, ಬಿಟ್ಟ ಜಾಗದಿಂದಲೇ ಮೆಲ್ಲಗೆ ಮೇಲೆ ಹತ್ತಿ ತಾರ ಷಡ್ಜ, ಅಂದರೆ ಮೇಲಿನ ಸ, ಮುಟ್ಟಿದಾಗ ಇಡೀ ಚಪ್ಪರ "ಆಹಾ" ಎಂದಿತು. ಅಮ್ಮ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಬಳೆಯ ಗುರುತು ನನ್ನ ಮಣಿಕಟ್ಟಿನ ಮೇಲೆ ಬೆಳಗಿನವರೆಗೂ ಇತ್ತು. ಹೊರಗೆ ಬಂದಾಗ ನೆಲದ ತುಂಬ ನೀರು, ಮಣ್ಣಿನ ವಾಸನೆ. ಎಂಥ ಸಭಾಂಗಣದಲ್ಲೂ ಸಿಗದ ಸಂಜೆ ಅದು.

ಅದಕ್ಕೇ ಹೇಳುವುದು, ಕೊಡೆ, ತೆಳ್ಳನೆಯ ಶಾಲು ಎರಡೂ ಚೀಲದಲ್ಲಿರಲಿ. ಏಪ್ರಿಲ್ ಮೇ ತಿಂಗಳ ಬೆಂಗಳೂರಿನಲ್ಲಿ ಸಂಜೆ ಮಳೆ ಹೇಳಿ ಬರುವುದಿಲ್ಲ. ಇನ್ನೊಂದು ಮಾತು ತಾರೀಖಿನದು. ರಾಮನವಮಿ ಚಾಂದ್ರಮಾನದ ಹಬ್ಬ. 2024ರಲ್ಲಿ ಏಪ್ರಿಲ್ 17ಕ್ಕೆ ಬಂದರೆ 2025ರಲ್ಲಿ ಏಪ್ರಿಲ್ 6ಕ್ಕೇ ಬಂತು. ಹೋದ ವರ್ಷದ ಕ್ಯಾಲೆಂಡರ್ ನೋಡಿ ರಜೆ ಹಾಕಬೇಡಿ. ಯುಗಾದಿಯ ಆಸುಪಾಸಿನಲ್ಲಿ ಕಾರ್ಯಕ್ರಮದ ಪಟ್ಟಿ ನೋಡಿ, ನಿಮಗೆ ಬೇಕಾದ ಗಾಯಕರು ಯಾವ ವಾರದಲ್ಲಿ ಹೆಚ್ಚಿದ್ದಾರೋ ಆ ವಾರ ಆರಿಸಿಕೊಳ್ಳಿ, ಪಾಸಿನ ವಿಚಾರವನ್ನೂ ಆಗಲೇ ಕೇಳಿಟ್ಟುಕೊಳ್ಳಿ.

ಉಳಿದುಕೊಳ್ಳುವ ಜಾಗದ ಬಗ್ಗೆ ನನಗೆ ಆದ ಅನುಭವ ಯಾರಿಗೂ ಆಗಬಾರದು. ಮೊದಲ ವರ್ಷ ಮೆಜೆಸ್ಟಿಕ್ ಕಡೆಯ ಒಂದು ಲಾಡ್ಜನ್ನು ಮೊಬೈಲಿನಲ್ಲೇ ಬುಕ್ ಮಾಡಿದ್ದೆ. ವಯಸ್ಸಾದವರಿದ್ದಾರೆ, ಕೆಳಗಿನ ಮಹಡಿ ಬೇಕು ಎಂದು ಬರೆದೂ ಇದ್ದೆ. ಹೋದರೆ ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿದೆ, ದುಡ್ಡು ವಾಪಸ್ ಇಲ್ಲ. ರಾತ್ರಿ ಹತ್ತೂವರೆಗೆ ಅಮ್ಮ ಒಂದೊಂದೇ ಮೆಟ್ಟಿಲು ಹತ್ತಿ, ಪ್ರತಿ ತಿರುವಿನಲ್ಲೂ ಗೋಡೆ ಹಿಡಿದು ನಿಂತದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಈಗ ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣಕ್ಕೆ ಹತ್ತಿರ, ಬಸವನಗುಡಿಯಲ್ಲಿ ನೆಲಮಹಡಿಯ ರೂಮನ್ನೇ ಹುಡುಕುತ್ತೇನೆ, ಫೋನ್ ಮಾಡಿ ಮಾತಾಡಿಯೇ ದುಡ್ಡು ಕಟ್ಟುತ್ತೇನೆ. ಹಸಿರು ಮೆಟ್ರೋ ಮಾರ್ಗ ನಮ್ಮಂಥವರಿಗೆಂದೇ ಹಾಕಿದ ಹಾಗಿದೆ. ಶಿವಮೊಗ್ಗದ ರೈಲಿನಿಂದ ಯಶವಂತಪುರದಲ್ಲಿ ಇಳಿದು ಅಲ್ಲೇ ಮೆಟ್ರೋ ಹತ್ತಿದರೆ ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಮೂರೂ ಸಾಲಾಗಿ ಬರುತ್ತವೆ. ಎಲ್ಲ ಕಡೆ ಲಿಫ್ಟ್ ಇದೆ. ಕಛೇರಿ ಮುಗಿದ ಮೇಲೆ ಮಾತ್ರ ಆಟೋ. ಹತ್ತು ಗಂಟೆ ದಾಟಿದರೆ ಮೀಟರಿನ ಒಂದೂವರೆ ಪಟ್ಟು, ಅದಕ್ಕೆ ಮೊದಲೇ ಹೊರಟರೆ ಒಳ್ಳೆಯದು ಎನ್ನುತ್ತಾರೆ. ತನಿ ಆವರ್ತನ ಶುರುವಾದ ಕೂಡಲೇ ಎದ್ದು ಹೋಗುವವರನ್ನು ನೋಡಿದರೆ ನನಗೆ ಬೇಜಾರು. ಅಷ್ಟು ಹೊತ್ತು ಹಾಡಿನ ಹಿಂದೆ ನಡೆದ ಮೃದಂಗ ಮುಂದೆ ಬರುವ ಹೊತ್ತು ಅದು. ಐವತ್ತು ರೂಪಾಯಿ ಹೆಚ್ಚು ಹೋದರೆ ಹೋಗಲಿ, ಮಂಗಳದವರೆಗೂ ಕೂರಿ.

ಬೆಳಗಿನ ಜಾಗಗಳಲ್ಲಿ ಲಾಲ್‌ಬಾಗಿಗೆ ಆರೂವರೆಗೇ ಹೋಗುತ್ತೇವೆ. 240 ಎಕರೆ, ಪೂರ್ತಿ ಸುತ್ತುವ ಹಟ ಬೇಡ. ಗಾಜಿನ ಮನೆಯವರೆಗೆ ನಡೆದು, ಮರದ ಕೆಳಗಿನ ಬೆಂಚಿನಲ್ಲಿ ಒಂದು ಗಂಟೆ ಕೂತು, ಎಂಟೂವರೆಗೆ ಹೊರಗೆ ಬಂದರೆ ಸಾಕು. ಮೇ ತಿಂಗಳಲ್ಲಿ ಹೋಗುವವರಿಗೆ ಅಲ್ಲೇ ಮಾವಿನ ಮೇಳವೂ ಸಿಗಬಹುದು. ತಿಂಡಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿ, ಚಟ್ನಿ. ನಿಂತೇ ತಿನ್ನಬೇಕು, ಅಮ್ಮನಿಗೆ ಮಾತ್ರ ಅಲ್ಲೇ ಕಟ್ಟೆಯ ಮೇಲೆ ಜಾಗ ಮಾಡಿಕೊಡುತ್ತೇನೆ. ಸಾಂಬಾರ್ ಇಲ್ಲ, ಕೇಳಬೇಡಿ, ಆ ಚಟ್ನಿಗೆ ಅದು ಬೇಕಾಗುವುದೂ ಇಲ್ಲ. ಭಾನುವಾರ ರಜೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. 1943ರ ಹೋಟೆಲು, ಹೊರಗೆ ಗರಿಗರಿಯಾದ ದೋಸೆ, ಒಳಗೆ ಮೆತ್ತಗೆ. ಆದರೆ ಕಛೇರಿಯ ದಿನ ಸಂಜೆ ಅಲ್ಲಿ ಕಾಯುತ್ತ ನಿಂತರೆ ವರ್ಣ ತಪ್ಪಿತೆಂದೇ ಲೆಕ್ಕ, ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಕೋಟೆ ಹೈಸ್ಕೂಲಿನಿಂದ ಕೂಗಳತೆಯಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಹೈದರಾಲಿ 1781ರಲ್ಲಿ ಶುರು ಮಾಡಿಸಿ ಟಿಪ್ಪು 1791ರಲ್ಲಿ ಮುಗಿಸಿದ್ದು. ಹತ್ತು ಗಂಟೆಯ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಹೆಸರಿನ ಅರ್ಥ ಮೈಗೇ ತಿಳಿಯುತ್ತದೆ. ತೇಗದ ಕಂಬಗಳು, ಎತ್ತರದ ಕಮಾನುಗಳು, ಎದುರಿಗೆ ಪೂರ್ತಿ ತೆರೆದ ಮೊಗಸಾಲೆ. ಫ್ಯಾನಿಲ್ಲದೆ ಗಾಳಿ ಆಡುತ್ತದೆ. ಅಮ್ಮ ಕಂಬಕ್ಕೆ ಒರಗಿ "ಇಲ್ಲೇ ಕಛೇರಿ ಇಟ್ಟಿದ್ರೆ ಮೈಕೇ ಬೇಡವಾಗಿತ್ತು ಮಾರಾಯ್ತಿ" ಎಂದಳು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆ, ದೇವಸ್ಥಾನ ಎರಡೂ ಸೇರಿ ಒಂದೂವರೆ ಗಂಟೆಯ ಕೆಲಸ.

ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ಮ್ಯೂಸಿಯಂಗೆ ಒಂದು ಬೆಳಿಗ್ಗೆ ಪೂರ್ತಿ ಇಟ್ಟುಕೊಳ್ಳಿ. 2019ರಲ್ಲಿ ಶುರುವಾದದ್ದು, ಸೋಮವಾರ ರಜೆ. ಒಂಬತ್ತು ಗ್ಯಾಲರಿಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಳೆಯ ಧ್ವನಿಮುದ್ರಿಕೆ ಕೇಳಬಹುದು. ಒಳಗೆಲ್ಲ ತಂಪು, ಅಲ್ಲಲ್ಲಿ ಕೂರಬಹುದು, ಹಾಗಾಗಿ ಬಿಸಿಲಿನ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಮ್ಮನಿಗೆ ತುಂಬ ಹಿಡಿಸಿದ್ದು ಹೊರಗಿನ ಧ್ವನಿ ಉದ್ಯಾನ. ಅಲ್ಲಿ ಕಲ್ಲು, ಲೋಹ, ಮರ ಎಲ್ಲವನ್ನೂ ಮುಟ್ಟಿ ನುಡಿಸಬಹುದು. ಕಲ್ಲಿನ ಮೇಲೆ ಒದ್ದೆ ಕೈ ಆಡಿಸಿ ಅದು ಗುಂಯ್ ಎಂದಾಗ ಅಮ್ಮ ಅದೇ ಶ್ರುತಿಗೆ ಸರಿಗಮ ಹೇಳಿ ನೋಡಿದಳು. ಅಲ್ಲಿದ್ದ ಶಾಲೆಯ ಮಕ್ಕಳು ಸುತ್ತ ಸೇರಿ ಅವಳ ಜೊತೆ ಹೇಳಲು ಶುರು ಮಾಡಿದರು. ನನ್ನ ದೂರು ಒಂದೇ, ಹತ್ತಿರದ ಮೆಟ್ರೋದಿಂದಲೂ ಆಟೋ ಮಾಡಲೇಬೇಕು.

ಇನ್ನೊಂದು ಜಾಗ ಯಾವ ಪ್ರವಾಸದ ಪಟ್ಟಿಯಲ್ಲೂ ಇರುವುದಿಲ್ಲ, ಬಳೇಪೇಟೆ. ಮೆಜೆಸ್ಟಿಕ್ಕಿಗೂ ಚಿಕ್ಕಪೇಟೆಗೂ ನಡುವಿನ ಆ ಇಕ್ಕಟ್ಟಿನ ಬೀದಿಗಳಲ್ಲಿ ವಾದ್ಯದ ಅಂಗಡಿಗಳಿವೆ. ಮೃದಂಗಕ್ಕೆ ಚರ್ಮ ಕಟ್ಟುವವರು, ಹಾರ್ಮೋನಿಯಂ ರಿಪೇರಿಯವರು, ಡೋಲು, ನಾಗಸ್ವರ ಮಾರುವವರು. ಅಮ್ಮನ ಮದುವೆಯಲ್ಲಿ ತವರಿನವರು ಕೊಟ್ಟ ಶ್ರುತಿಪೆಟ್ಟಿಗೆ ಹತ್ತು ವರ್ಷದಿಂದ ಉಸಿರು ಬಿಡುತ್ತಿತ್ತು. ಒತ್ತಿದರೆ ಗಾಳಿ ಎಲ್ಲ ಬದಿಯಿಂದ ಹೋಗಿ, ಷಡ್ಜ ನಡುಗುತ್ತಿತ್ತು. ಎಲೆಕ್ಟ್ರಾನಿಕ್ ಪೆಟ್ಟಿಗೆ ತಂದುಕೊಟ್ಟಿದ್ದೆ. ಆಮೇಲೆ ಮೊಬೈಲಿನಲ್ಲೂ ಹಾಕಿಕೊಟ್ಟೆ. "ಚೆನ್ನಾಗಿದೆ, ಆದ್ರೆ ಇದು ಉಸಿರಾಡಲ್ಲ" ಎನ್ನುತ್ತಿದ್ದಳು. ಹೋದ ಸಲ ಅದನ್ನು ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದೆವು. ಬಳೇಪೇಟೆಯ ಒಂದು ಸಣ್ಣ ಅಂಗಡಿಯ ಹಿರಿಯರು ಪೆಟ್ಟಿಗೆ ಬಿಚ್ಚಿ, ತಿದಿಯ ಮಡಿಕೆಗಳನ್ನು ಬೆಳಕಿಗೆ ಹಿಡಿದು ತೂತು ತೋರಿಸಿದರು. ಮೆತ್ತನೆಯ ಚರ್ಮ ಅಂಟಿಸಬೇಕು, ಒಣಗಲು ಒಂದು ದಿನ ಬೇಕು ಎಂದರು. ಹಿತ್ತಾಳೆಯ ರೀಡನ್ನು ಬಾಯಿಗಿಟ್ಟು ಊದಿ ನೋಡಿ, ತೆಳ್ಳನೆಯ ಉಳಿಯಿಂದ ತುದಿಯನ್ನು ಒಂದು ಚೂರು ಕೆರೆದರು. ತುದಿ ಕೆರೆದರೆ ಶ್ರುತಿ ಏರುತ್ತದಂತೆ, ಬುಡ ಕೆರೆದರೆ ಇಳಿಯುತ್ತದಂತೆ. ಕೆರೆದು, ಊದಿ, ಮತ್ತೆ ಕೆರೆದು, "ಅಮ್ಮಾ, ನಿಮ್ಮದು ಐದು ಮನೆ ತಾನೆ? ಒಂದ್ಸಲ ಷಡ್ಜ ಹಿಡೀರಿ" ಎಂದರು. ಮನೆ ಎಂದರೆ ಹಾಡುವವರ ಶ್ರುತಿಯ ಲೆಕ್ಕ. ಅಂಗಡಿಯ ಸ್ಟೂಲಿನ ಮೇಲೆ ಕೂತು ಅಮ್ಮ ಹಿಡಿದಳು. ಈಚೆ ಬೀದಿಯಲ್ಲಿ ಗಾಡಿಗಳ ಗದ್ದಲ. ಅವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, ಇನ್ನೊಂದೇ ಒಂದು ಗೀಚು ಹಾಕಿದರು. ಕೊಟ್ಟದ್ದು 600 ರೂಪಾಯಿ. ಆ ಕೆಲಸಕ್ಕೆ ಅದು ಕಡಿಮೆ, ಅವರು ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಮೂಲೆಗೆ ಬಿದ್ದ ವಾದ್ಯ ಏನಾದರೂ ಇದ್ದರೆ ಮೊದಲ ದಿನವೇ ಕೊಟ್ಟುಬಿಡಿ, ಊರಿಗೆ ಹೊರಡುವಾಗ ತೆಗೆದುಕೊಳ್ಳಬಹುದು.

ರಾಮನವಮಿಯ ಹೊತ್ತಿಗೆ ಬೇರೆ ಬಡಾವಣೆಗಳಲ್ಲೂ ಕಛೇರಿಗಳಿರುತ್ತವೆ, ಹೆಚ್ಚಿನವು ಉಚಿತ. ಒಂದು ಸಂಜೆ ಬದಲಾವಣೆಗೆಂದು ಅಂಥ ಒಂದು ಕಡೆ ಹೋಗಿದ್ದೆವು. ಹಾಡುತ್ತಿದ್ದವರು ಚಿಕ್ಕ ಹುಡುಗ, ಒಳ್ಳೆಯ ಶಾರೀರ. ಆದರೆ ಮೈಕಿನವರು ಮೃದಂಗವನ್ನು ಎಷ್ಟು ಜೋರಿಟ್ಟಿದ್ದರೆಂದರೆ ಪಿಟೀಲು ಕೇಳಲೇ ಇಲ್ಲ. ನಡುವೆ ಗಣ್ಯರ ಸನ್ಮಾನಕ್ಕೆ ಮುಕ್ಕಾಲು ಗಂಟೆ ಹೋಗಿ, ಹುಡುಗನಿಗೆ ರಾಗ ತಾನ ಪಲ್ಲವಿ ಹಾಡಲು ಹೊತ್ತೇ ಉಳಿಯಲಿಲ್ಲ. ಕಲಿತು ತಯಾರಾಗಿ ಬಂದವನ ಸಮಯ ಅದು, ಹಾರ ಶಾಲು ಹೊದಿಸುವ ಕೆಲಸ ಅವನು ಕೂರುವ ಮೊದಲೇ ಮುಗಿಯಬೇಕಿತ್ತು. ಆದರೂ ಎಳೆಯರನ್ನು ಕೇಳಲು ಇಂಥ ಕಡೆ ಹೋಗಲೇಬೇಕು, ನಾಲ್ಕು ಸಂಜೆಯಲ್ಲಿ ಒಂದನ್ನು ನಾನು ಈಗಲೂ ಅವರಿಗೇ ಇಡುತ್ತೇನೆ.

ಕೊನೆಯ ದಿನ ಬೆಳಿಗ್ಗೆ ಎಲ್ಲಿಗೂ ಹೋಗುವುದಿಲ್ಲ. ಹಿಂದಿನ ರಾತ್ರಿಯ ಕಛೇರಿಯನ್ನು ಮಾತಾಡಿಕೊಂಡು ಗಾಂಧಿಬಜಾರಿನಲ್ಲಿ ಹೂವು, ಕಾಫಿಪುಡಿ ಕೊಂಡು ಮಧ್ಯಾಹ್ನದ ರೈಲು ಹಿಡಿಯುತ್ತೇವೆ. ಹೋದ ಸಲ ಶ್ರುತಿಪೆಟ್ಟಿಗೆಯನ್ನು ಮೇಲಿಡಲು ಅಮ್ಮ ಬಿಡಲಿಲ್ಲ, ಶಿವಮೊಗ್ಗದವರೆಗೂ ತೊಡೆಯ ಮೇಲೇ ಇತ್ತು. ಅರಸೀಕೆರೆ ದಾಟಿದ ಮೇಲೆ ಎದುರು ಸೀಟಿನ ಹುಡುಗಿ "ಅಜ್ಜಿ, ಇದ್ರಲ್ಲಿ ಏನಿದೆ?" ಎಂದು ಕೇಳಿದಳು. ಅಮ್ಮ ಗಂಟು ಬಿಚ್ಚಿ, ಎರಡು ಸಲ ಒತ್ತಿ ತೋರಿಸಿ, ನನ್ನ ಕಡೆ ತಿರುಗಿ, "ಮುಂದಿನ ವರ್ಷ ಹಿಂದೂಸ್ತಾನಿ ಇರೋ ವಾರಾನೇ ನೋಡು" ಎಂದಳು.